ಸಿಡಿಲಿನಲ್ಲಿ ಕಾಶಿಯಾತ್ರೆ

“ಗುರುಗಳೇ, ಸಿಡಿಲು ಹೇಳದೆ ಕೇಳದೆ ಬರುವುದಿಲ್ಲ, ಮೊದಲೇ ಸೂಚನೆ ಕೊಡುತ್ತದೆ ಎಂದು ನೀವೇ ಕಲಿಸಿದ್ದೀರಿ. ಹಾಗಿದ್ದರೂ ತಿಳಿದವರೇ ಏಕೆ ಬಯಲಿನಲ್ಲಿ ಅದರ ಕೈಗೆ ಸಿಕ್ಕಿಬೀಳುತ್ತಾರೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಗೋಧೂಳಿ ಲಗ್ನದ ಮದುವೆ. ವೈಶಾಖದ ಬಿಸಿಲು ಇಳಿಯುವ ಹೊತ್ತಿಗೆ ಕಾಶಿಯಾತ್ರೆಯ ಶಾಸ್ತ್ರ ಶುರುವಾಯಿತು. ಈ ಶಾಸ್ತ್ರ ನಿನಗೆ ಗೊತ್ತೇ ಇದೆ. ವರ ಛತ್ರಿ ಹಿಡಿದು, ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಎಂದು ಹೊರಡುತ್ತಾನೆ. ಹೆಣ್ಣಿನ ತಂದೆ ಹಿಂದೆ ಹೋಗಿ, ಮಗಳನ್ನು ಕೊಡುತ್ತೇನೆ ಬನ್ನಿ ಎಂದು ಬೇಡಿಕೊಂಡು ಕರೆತರುತ್ತಾನೆ. ಸಾಮಾನ್ಯವಾಗಿ ಕಾಶಿ ಚಪ್ಪರದ ಅಂಚಿನಲ್ಲೇ ಮುಗಿಯುತ್ತದೆ.

ಈ ವರನಿಗೆ ಅಷ್ಟು ಸಾಲಲಿಲ್ಲ. ಅವನ ಅಣ್ಣನನ್ನು ಮಾವನ ಮನೆಯವರು ಬೀದಿಯ ಕೊನೆಯವರೆಗೂ ಹೋಗಿ ಕರೆತಂದಿದ್ದರು. ಮನೆಯಲ್ಲಿ ಆ ಮಾತನ್ನು ಇನ್ನೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ತಾನೇನು ಅಣ್ಣನಿಗಿಂತ ಕಡಿಮೆಯೇ ಎಂದು ಇವನು ಬೀದಿ ದಾಟಿ, ಊರು ದಾಟಿ, ಬಯಲಿಗೇ ನಡೆದ. ಪುರೋಹಿತರು ಸುಸ್ತಾಗಿ ಊರ ಕೊನೆಯ ಮನೆಯಲ್ಲಿ ಕುಳಿತುಬಿಟ್ಟರು. ಹೆಣ್ಣಿನ ತಂದೆ ಮಾತ್ರ ಕುಳಿತುಕೊಳ್ಳುವ ಹಾಗಿರಲಿಲ್ಲ.

ಈಶಾನ್ಯದಲ್ಲಿ ಮೋಡ ಗೋಪುರದಂತೆ ಎದ್ದಿತ್ತು, ತಳವೆಲ್ಲ ಕಪ್ಪು. ಬೆಳಗಿನಿಂದ ಎಲೆಯೂ ಅಲ್ಲಾಡದ ಸೆಕೆಯಿತ್ತು. ಈಗ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಬೀಸಿತು. ಮೇಯಲು ಹೋಗಿದ್ದ ದನಗಳು ತಾವಾಗಿಯೇ ಊರ ಕಡೆ ತಿರುಗಿದವು. ಮಿಂಚಿಗೂ ಗುಡುಗಿಗೂ ನಡುವಿನ ಬಿಡುವು ಕಡಿಮೆಯಾಗುತ್ತಾ ಬಂತು. ತಂದೆ ಇದನ್ನೆಲ್ಲ ನೋಡಿದ. ವರನೂ ನೋಡಿದ. ಆದರೆ ಗಾಳಿ ಬೀಸಿದಾಗ ದೇವತೆಗಳು ತನಗೆ ಚಾಮರ ಬೀಸುತ್ತಿದ್ದಾರೆ ಎಂದುಕೊಂಡ, ಗುಡುಗಿದಾಗ ಮಂಗಳವಾದ್ಯ ಎಂದುಕೊಂಡ. ಬಯಲಿನ ನಡುವೆ ಒಂದೇ ಒಂದು ತಾಳೆಮರವಿತ್ತು. ಅದರ ಬುಡದಲ್ಲಿ ಕಬ್ಬಿಣದ ಕೋಲಿನ ಛತ್ರಿ ಎತ್ತಿ ಹಿಡಿದು ಗತ್ತಿನಿಂದ ನಿಂತ.

“ಅಳಿಯಂದ್ರೇ, ಛತ್ರಿ ಬಿಸಾಕಿ ಬನ್ನಿ. ಮರದ ಕೆಳಗೆ ನಿಲ್ಲಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ” ಎಂದು ತಂದೆ ದೂರದಿಂದಲೇ ಕೂಗಿದ.

ವರನಿಗೆ ಎಲ್ಲಿಲ್ಲದ ಸಂತೋಷವಾಯಿತು. ಅಣ್ಣನನ್ನು ಯಾರೂ ಇಷ್ಟು ಕಳಕಳಿಯಿಂದ ಕರೆದಿರಲಿಲ್ಲ. ಇನ್ನೊಮ್ಮೆ ಕರೆಯಲಿ ಎಂದು, ಕಾಶಿ ಇರಬಹುದಾದ ಕಡೆಗೆ ಮುಖ ತಿರುಗಿಸಿದ.

ಅಷ್ಟರಲ್ಲಿ ತಂದೆಯ ತೋಳಿನ ಕೂದಲು ನೆಟ್ಟಗಾಯಿತು. ಸಿಡಿಲು ಇಲ್ಲೇ ಬೀಳಲಿದೆ ಎಂದು ಅವನಿಗೆ ತಿಳಿಯಿತು. ಪಾದ ಜೋಡಿಸಿ, ತಲೆ ತಗ್ಗಿಸಿ, ಇದ್ದಲ್ಲಿಯೇ ಕುಕ್ಕರುಗಾಲಿನಲ್ಲಿ ಕುಳಿತ. ಓರೆಗಣ್ಣಿನಲ್ಲಿ ನೋಡುತ್ತಿದ್ದ ವರ, ಮಾವ ನಮಸ್ಕಾರ ಮಾಡುತ್ತಿದ್ದಾನೆಂದು ಕೈ ಎತ್ತಿ ಆಶೀರ್ವದಿಸಿದ. ಅವನ ಮೈಕೂದಲೂ ನಿಂತಿತ್ತು. ಅದನ್ನು ರೋಮಾಂಚನ ಎಂದುಕೊಂಡ.

ಹೊತ್ತಾದರೂ ಯಾರೂ ಬಾರದ್ದನ್ನು ಕಂಡು ಮದುವಣಗಿತ್ತಿಯೇ ಊರ ಕೊನೆಯ ಮನೆಯವರೆಗೆ ಬಂದಿದ್ದಳು. ಬಯಲು ನೋಡಿದಳು, ಮೋಡ ನೋಡಿದಳು. ಬಾಗಿಲಲ್ಲಿ ನಿಂತೇ ಗಟ್ಟಿಯಾಗಿ ಹೇಳಿದಳು: “ಅಪ್ಪಾ, ಅವರು ಕಾಶಿಗೇ ಹೋಗ್ಲಿ ಬಿಡು. ನೀನು ಒಳಗೆ ಬಾ.”

ವರ ಛತ್ರಿ ಎಸೆದ. ಇದೆಂಥ ಮರ್ಯಾದೆ ಎಂದು ಕೇಳಲು ಮಾವನನ್ನೂ ದಾಟಿಕೊಂಡು ಓಡಿದ. ಮಾವನೂ ಎದ್ದು ಅವನ ಹಿಂದೆ ಓಡಿದ. ಇಬ್ಬರೂ ಹೊಸ್ತಿಲು ದಾಟುವಷ್ಟರಲ್ಲಿ ಸಿಡಿಲು ತಾಳೆಮರವನ್ನು ಬುಡದವರೆಗೆ ಸೀಳಿತು. ಛತ್ರಿಯೊಂದೇ ಕಾಶಿ ಸೇರಿತು.

ಶಿಷ್ಯ ನಕ್ಕು, “ಹುಡುಗಿ ಬಲು ಜಾಣೆ, ಗುರುಗಳೇ. ಅಂಥ ಗಂಡನ್ನು ಹೇಗೆ ಕರೆದರೆ ಬರುತ್ತಾನೆಂದು ಅವಳಿಗೆ ಗೊತ್ತಿತ್ತು” ಎಂದ.

ಗುರುಗಳು ಹೇಳಿದರು: “ಆ ವರನೂ ಇವತ್ತಿನವರೆಗೆ ಹಾಗೆಯೇ ತಿಳಿದಿದ್ದಾನೆ. ಆದರೆ ಅವಳು ಕರೆದದ್ದು ಅಪ್ಪನನ್ನು.”