ಡಾಕ್ಟರ ಕಾರೂ ಇನ್ನಾಸಪ್ಪನ ಬಲ್ಬೂ

ಬಹಳ ಹಿಂದೆ, ಬೆಟ್ಟದ ಮೇಲಿನ ಒಂದು ಊರಿನಲ್ಲಿ, ಇನ್ನಾಸಪ್ಪನೆಂಬ ಬ್ಯಾಟರಿ ರಿಪೇರಿಯವನಿದ್ದನಂತೆ. ನೆಟ್ಟಗೆ ಕುಳಿತು ಕೇಳಿ. ನಾನು ಎರಡು ಸಲ ಹೇಳುವುದಿಲ್ಲ.

ಕಾರಿನ ಬಾನೆಟ್ಟಿಗೆ ಕಿವಿಯಿಟ್ಟರೆ ಅವನಿಗೆ ಕರೆಂಟು ಹರಿಯುವ ಸದ್ದು ಕೇಳುತ್ತಿತ್ತಂತೆ. ಸತ್ತ ಬ್ಯಾಟರಿ ಅವನು ಮುಟ್ಟಿದರೆ ಏಳುತ್ತಿತ್ತಂತೆ. ಇದೆಲ್ಲ ಜನ ಸೇರಿಸಿದ ಮಾತು. ಅವನ ಬಳಿ ಇದ್ದದ್ದು ಒಂದು ಪುಟ್ಟ ಬಲ್ಬು, ಎರಡು ತುಂಡು ವೈರು ಮತ್ತು ತಾಳ್ಮೆ.

ಆ ಊರಿನ ಡಾಕ್ಟರು ತೀರಿಕೊಂಡ ಮೇಲೆ ಅವರ ಹಳೆಯ ಕಪ್ಪು ಕಾರು ಶೆಡ್ಡಿನಲ್ಲೇ ನಿಂತಿತು. ಪ್ರತಿ ಶನಿವಾರ ಮಧ್ಯಾಹ್ನ ಅವರ ಪತ್ನಿ ರೆಜಿನಮ್ಮನವರು ಅದನ್ನು ಸ್ಟಾರ್ಟ್ ಮಾಡಿ, ಎಂಜಿನ್ನಿನ ಸದ್ದು ಕೇಳುತ್ತ ಕೂರುತ್ತಿದ್ದರಂತೆ. ಡಾಕ್ಟರು ತೀರಿ ವರ್ಷವಾದುದಕ್ಕೆ ಚರ್ಚಿನಲ್ಲಿ ಇಡಿಸಿದ ಬಲಿಪೂಜೆ ಮುಗಿದಂದಿನಿಂದ ಕಾರು ಏಳದಾಯಿತು. ಚಾರ್ಜು ಮಾಡಿಸಿ ತಂದ ಬ್ಯಾಟರಿ ಮರುವಾರಕ್ಕೆ ಬರಿದು. ಡಾಕ್ಟರೇ ಬಂದು ಕಾರಿನಲ್ಲಿ ಕೂರುತ್ತಾರೆ, ಅದಕ್ಕೇ ಹೀಗೆ ಎಂದು ಊರು ಪಿಸುಗುಟ್ಟಿತಂತೆ. ಮೈದುನ ಸವರಿಯಪ್ಪ ಮಾತ್ರ, ಇನ್ನೊಂದು ಶನಿವಾರ ನೋಡುತ್ತೇನೆ, ಆಮೇಲೆ ಗುಜರಿಗೆ ಎಂದುಬಿಟ್ಟ.

ರೆಜಿನಮ್ಮನವರು ಹೇಳಿಕಳಿಸಿದ್ದಕ್ಕೆ ಇನ್ನಾಸಪ್ಪ ಚಾರ್ಜಾದ ಬ್ಯಾಟರಿ ಹೊತ್ತು ಬಂದು ಕಾರಿಗೆ ಜೋಡಿಸಿದ. ಮೈನಸ್ ವೈರು ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ತನ್ನ ಬಲ್ಬನ್ನು ಕಟ್ಟಿ, ಹೊರಗಿನ ಬೆಳಕು ಬೀಳದಂತೆ ಗೋಣಿಚೀಲದ ಮರೆಯಲ್ಲಿ ನೋಡಿದ. ಬಲ್ಬು ಮಿಣುಕುತ್ತಿತ್ತು. ನಿಂತ ಕಾರಿನಲ್ಲಿ ಏನೋ ಕರೆಂಟು ಕುಡಿಯುತ್ತಿದೆ ಎಂದು ಅದರ ಅರ್ಥ. ಅದು ಯಾವ ದಾರಿಯಲ್ಲಿ ಹೋಗುತ್ತಿದೆಯೆಂದು ತಿಳಿಯಲು ಒಂದು ಫ್ಯೂಸು ತೆಗೆದ, ಬಲ್ಬು ಆರಲಿಲ್ಲ. ಇನ್ನೊಂದು ತೆಗೆದ, ಆರಲಿಲ್ಲ.

"ಏನಯ್ಯಾ, ದೆವ್ವ ಯಾವ ಫ್ಯೂಸಿನಲ್ಲಿದೆ?" ಎಂದ ಸವರಿಯಪ್ಪ.

ಮೂರನೆಯದಕ್ಕೆ ಆರಿತು. ಅದು ಒಳಗಿನ ಸಣ್ಣ ದೀಪಗಳ ಫ್ಯೂಸು. ಇನ್ನಾಸಪ್ಪ ಅದನ್ನು ಮರಳಿ ಹಾಕಿ, ಡ್ಯಾಶ್‌ಬೋರ್ಡಿನ ಮೇಲೆ ರೆಜಿನಮ್ಮನವರು ಹೆಣೆದು ಹಾಸಿದ್ದ ಕ್ರೋಶಾ ಬಟ್ಟೆಯನ್ನು ಸರಿಸಿದ. ಇಳಿಬಿದ್ದಿದ್ದ ಅದರ ಅಂಚಿನ ಮರೆಯಲ್ಲಿ, ಸಣ್ಣಪುಟ್ಟ ಸಾಮಾನು ಇಡುವ ಖಾನೆಯ ಬಾಗಿಲು ಬೆರಳಷ್ಟು ತೆರೆದಿತ್ತು. ಬಾಗಿಲು ಮುಚ್ಚಿದರೆ ಆರಬೇಕಾದ ದೀಪ ಒಳಗೆ ಉರಿಯುತ್ತಲೇ ಇತ್ತು. ಅಡ್ಡವಾಗಿದ್ದುದು ಡಾಕ್ಟರ ಸ್ಟೆತೋಸ್ಕೋಪು. ಬಲಿಪೂಜೆಯ ದಿನ ರೆಜಿನಮ್ಮನವರೇ ಅದನ್ನು ಅಲ್ಲಿ ಇಟ್ಟಿದ್ದರು.

ತೆಗೆದುಬಿಡಲೇ ಎಂದು ಅವರು ಕೇಳಿದರಂತೆ. ಕೈ ಮಾತ್ರ ಮುಂದಾಗಲಿಲ್ಲವಂತೆ. ಆಮೇಲೆ ಮೆಲ್ಲನೆ ಅಂದರು: "ಹಾಗಾದರೆ ಅವರು ಬಂದು ಕೂರುತ್ತಿರಲಿಲ್ಲ, ಅಲ್ಲವೇ ಇನ್ನಾಸಪ್ಪ?"

ಅವನು ಸ್ಟೆತೋಸ್ಕೋಪನ್ನು ಮುಟ್ಟಲಿಲ್ಲ. ಖಾನೆಯ ಬಲ್ಬನ್ನು ಬಿಚ್ಚಿ ಅವರ ಅಂಗೈಯಲ್ಲಿಟ್ಟ.

"ಅದು ನನಗೆ ಗೊತ್ತಿಲ್ಲ, ಅಮ್ಮಾವ್ರೇ. ಬಂದರೆ ಗಾಡಿ ಸ್ಟಾರ್ಟ್ ಆಗಬೇಕಲ್ಲ."

ಮುಂದಿನ ಶನಿವಾರ ಬೀಗದಕೈ ಒಮ್ಮೆ ತಿರುಗಿಸಿದ್ದಕ್ಕೇ ಕಾರು ಎದ್ದಿತಂತೆ. ಗೇಟಿನಲ್ಲಿ ಕಾಯುತ್ತಿದ್ದ ಗುಜರಿಯವನನ್ನು ಸವರಿಯಪ್ಪನೇ ಹಿಂದಕ್ಕೆ ಕಳಿಸಿದನಂತೆ.

ಈಗಲೂ ಆ ಊರಿನ ರಿಪೇರಿಯವರು, ತೀರಿಕೊಂಡವರ ಕಾರನ್ನು ನೋಡಲು ಹೋದರೆ, ಖಾನೆಯಲ್ಲಿ ಏನಿದೆಯೆಂದು ಕೇಳುವುದಿಲ್ಲ, ಇದ್ದುದನ್ನು ಕದಲಿಸುವುದಿಲ್ಲ. ಅಲ್ಲಿನ ಬಲ್ಬನ್ನು ಮಾತ್ರ ಬಿಚ್ಚಿ, ಮನೆಯವರ ಅಂಗೈಯಲ್ಲಿಟ್ಟು, ಇನ್ನಾಸಪ್ಪನ ಹೆಸರು ಹೇಳಿ ಬರುತ್ತಾರೆ.