ಕಂಬಳಿಯೊಳಗಿನ ಗಡಿಗೆ

"ಗುರುಗಳೇ, ತಪ್ಪು ಮಾಡದವನಿಗೆ ಯಾರು ನೋಡಿದರೇನು ಭಯ?" ಎಂದು ಗದಿಗೆಪ್ಪ ಕೇಳಿದ. ಬೀದಿ ಬೀದಿಗೆ ಕ್ಯಾಮೆರಾ ಹಾಕಿ, ನಡಿಗೆ ನೋಡಿಯೇ ಕಳ್ಳರನ್ನು ಗುರುತಿಸಲು ಯಂತ್ರಕ್ಕೆ ಕಲಿಸುವುದು ಅವನ ಕೆಲಸ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿಗೆ ಕಳ್ಳರು ನುಗ್ಗಿ ಒಬ್ಬ ಬಡಗಿಯ ಉಳಿ, ಬಾಚಿ, ಗರಗಸ ಎಲ್ಲವನ್ನೂ ಹೊತ್ತೊಯ್ದರು. ಬಡಗಿಯ ಕೆಲಸ ನಿಂತಿತು, ಸಿಟ್ಟು ನೆತ್ತಿಗೇರಿತು. ಊರಗೌಡನ ಮುಂದೆ ಪಟ್ಟು ಹಿಡಿದು ಕೂತು, ತಿರುವಿಗೊಂದು ಪಂಜರದ ಮೈನಾ ಇಡಿಸಿದ. ಕಳ್ಳರು ಕದ್ದದ್ದನ್ನು ಕಂಬಳಿಯೊಳಗೆ ಮುಚ್ಚಿಕೊಂಡೇ ಹೋಗುತ್ತಾರಲ್ಲವೇ? ಹಾಗೆ ಮುಚ್ಚಿಕೊಂಡವರನ್ನು ಕಂಡರೆ "ಕಳ್ಳ, ಕಳ್ಳ" ಎಂದು ಕೂಗಲು ತಾನೇ ಕಾಳು ಹಾಕಿ ಕಲಿಸಿದ. ಹಕ್ಕಿ ಬಲು ಜಾಣ, ಬೇಗ ಕಲಿತುಕೊಂಡಿತು.

ಆ ಊರಿನಲ್ಲಿ ಒಂದು ರೂಢಿಯಿತ್ತು. ಯಾರ ಮನೆಯ ಒಲೆ ಉರಿಯದಿದ್ದರೂ ನೆರೆಯವರು ಯಾರೋ ಅಂಬಲಿಯ ಗಡಿಗೆಯನ್ನು ಯಾರಿಗೂ ಕಾಣದಂತೆ ಮುಚ್ಚಿಕೊಂಡು ಬಂದು ಹಿತ್ತಿಲ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಇಟ್ಟವರು ಹೇಳುತ್ತಿರಲಿಲ್ಲ, ಉಂಡವರು ಕೇಳುತ್ತಿರಲಿಲ್ಲ. ಗಡಿಗೆ ತೊಳೆದು ಅಲ್ಲೇ ಇಟ್ಟರೆ ಮುಗಿಯಿತು. ಉಳಿ ಹೋದ ಮೇಲೆ ಬಡಗಿಯ ಮನೆಮಂದಿಯ ಹೊಟ್ಟೆ ತುಂಬುತ್ತಿದ್ದುದೂ ಹಾಗೆಯೇ. ಹಕ್ಕಿಗೆ ಪಾಠ ಹೇಳುವಾಗ ಪುಣ್ಯಾತ್ಮನಿಗೆ ಅದು ನೆನಪಾಗಲಿಲ್ಲ.

ಒಂದು ಮುಸ್ಸಂಜೆ ಮೈನಾ ಕೂಗಿಕೊಂಡಿತು. ಕಾವಲಿನವರು ಒಬ್ಬ ನೇಕಾರನನ್ನು ಹಿಡಿದರು. ಜನ ಸೇರಿತು. ಎಲ್ಲರಿಗಿಂತ ಮುಂದೆ ಬಡಗಿ.

"ಏನಯ್ಯಾ ಅದು, ಬಚ್ಚಿಟ್ಕೊಂಡಿರೋದು?"

"ಕದ್ದದ್ದಲ್ಲಣ್ಣ. ಯಾರಿಗೆ ಅಂತ ಮಾತ್ರ ಕೇಳಬೇಡ," ಎಂದ ನೇಕಾರ, ತಲೆ ಎತ್ತದೆ.

"ಕಳ್ಳ ಅಲ್ಲದಿದ್ರೆ ಹೇಳೋಕೇನು?" ಎಂದು ಗದರಿಸಿ ಬಡಗಿ ತಾನೇ ಕಂಬಳಿ ಎಳೆದ.

ಬಾಯಿ ಮುಕ್ಕಾದ ಗಡಿಗೆ ಹೊರಬಂತು. ಬೆಳಿಗ್ಗೆ ಅದನ್ನು ತೊಳೆದು ತನ್ನ ಹಿತ್ತಿಲಲ್ಲಿ ಇಟ್ಟವನು ಬಡಗಿಯೇ. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವನಿಗೆ. ಯಾರಿಗೆಂದು ಬಾಯಿಬಿಡದ ನೇಕಾರನ ಕೈಗೆ ಕಾವಲಿನವರು ಹಗ್ಗ ಬಿಗಿಯುವವರೆಗೂ ಸುಮ್ಮನೆ ನಿಂತಿದ್ದ. ನೇಕಾರ ಅವನತ್ತ ನೋಡಲೂ ಇಲ್ಲ, ನೋಡಿದರೆ ಜನಕ್ಕೆ ತಿಳಿದೀತೆಂದು. ಕೊನೆಗೆ ಬಡಗಿ, "ಬಿಡ್ರಪ್ಪಾ, ಅದು ನಮ್ಮನೆ ಊಟ," ಎಂದ. ಊರೆಲ್ಲ ಕೇಳಿತು. ಗುಂಪಿನ ಹಿಂದಿದ್ದ ಅವನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಮನೆಯತ್ತ ಓಡಿದಳು.

ಗದಿಗೆಪ್ಪ ನಿಟ್ಟುಸಿರು ಬಿಟ್ಟು, "ಸದ್ಯ, ನೇಕಾರನನ್ನು ಬಿಟ್ಟರಲ್ಲ. ಮೈನಾದಿಂದ ಕೆಟ್ಟದ್ದೇನೂ ಆಗಲಿಲ್ಲ," ಎಂದ.

"ಏನೂ ಆಗಲಿಲ್ಲ," ಎಂದರು ಗುರುಗಳು, "ಅಂದಿನಿಂದ ಆ ಊರಿಗೆ ಕಳ್ಳರೂ ಬರಲಿಲ್ಲ, ಯಾರ ಹಿತ್ತಿಲಿಗೂ ಗಡಿಗೆಯೂ ಬರಲಿಲ್ಲ."