ಕಂಪ್ಯೂಟರಿಗೆ ಬಂದ ಡ್ರೈವರು

“ರೀ, ಕಂಪ್ಯೂಟರಿಗೆ ಚಿತ್ರ ಓಡಿಸೋ ಡ್ರೈವರ್ ಇಲ್ಲವಂತೆ, ಅದಕ್ಕೇ ನನ್ನ ಮುಖ ಚೂರುಚೂರಾಗಿ ಕಾಣೋದು,” ಅಂದದ್ದೇ ಪುಟ್ಟತಾಯಿಯ ಕಡೇ ಮಾತು. ಅವಳು ತೀರಿಹೋಗಿ ಎಂಟು ತಿಂಗಳಾದರೂ ಕಂಪ್ಯೂಟರಿನಲ್ಲಿದ್ದ ಅವಳ ವಿಡಿಯೋದಲ್ಲಿ ಆ ಮುಖ ಹಾಗೇ ಇತ್ತು. ಮೂವತ್ತು ವರ್ಷ ಬಸ್ಸು ಓಡಿಸಿದ್ದ ಅವಳ ಗಂಡ ಚಿಕ್ಕೀರಯ್ಯ ಒಂದು ಸಂಜೆ ಅದರ ಮುಂದೆ ಕೂತು, “ಡ್ರೈವರ್ ನಾನೇ ಇದ್ದೀನಲ್ಲ,” ಅಂದ.

“ಇದು ಬಾಗಿಲಿಲ್ಲದ ಮನೆ,” ಅಂತು ಕಂಪ್ಯೂಟರ್ ನಡೆಸುವ ಲಿನಕ್ಸು. “ಒಳಗಿರುವುದನ್ನು ಬಿಚ್ಚಿ ಹೇಳುವವರಿಗೆ ಮಾತ್ರ ಇಲ್ಲಿ ಜಾಗ.”

“ನನಗೆ ಬಾಯಿ ಬಿಡದವರೇ ಬೇಕು,” ಅಂತು ಚಿತ್ರ ತೋರಿಸುವ ಗ್ರಾಫಿಕ್ಸ್ ಕಾರ್ಡು. “ನಿಮ್ಮೊಳಗೆ ಏನಿದೆ ಅಂತ ಯಾರಿಗಾದರೂ ಹೇಳಿದ್ದೀರಾ, ಯಜಮಾನರೇ?”

“ಎಂಟು ತಿಂಗಳಿಂದ ಯಾರಿಗೂ ಹೇಳಿಲ್ಲ.”

“ಹಾಗಾದರೆ ನೀವೇ ನಮ್ಮ ಕಂಪನಿ ಡ್ರೈವರು.”

ಲಿನಕ್ಸು ಗೊಣಗಿತು. “ಬರಲಿ. ಆದರೆ ಗುಟ್ಟು ಬಿಡದವರು ಬಂದು ಮನೆಗೆ ಮೈಲಿಗೆಯಾಯ್ತು ಅಂತ ಬರಕೊಳ್ತೀನಿ.”

“ಬರಕೊಳಪ್ಪ. ನಮ್ಮನೇಲೂ ಸೂತಕ ಇನ್ನೂ ಕಳೆದಿಲ್ಲ.”

“ಕಂಪ್ಯೂಟರ್ ಒಂದು ಸಲ ಆರಿಸಿ, ಬೆಳಿಗ್ಗೆ ಹಚ್ಚಿ,” ಅಂತು ಕಾರ್ಡು.

ಮಾರನೇ ಬೆಳಿಗ್ಗೆ ಚಿಕ್ಕೀರಯ್ಯ ಕಾಕಿ ಅಂಗಿ ತೊಟ್ಟು ಸ್ವಿಚ್ ಒತ್ತಿದ. ಪುಟ್ಟತಾಯಿಯ ಮುಖ ಇಡಿಯಾಗಿ ಬಂತು. ವಿಡಿಯೋ ಮುಂದೆ ಹೋಗದಂತೆ ಅವನು ಮೇಜಿನಡಿ ಬ್ರೇಕ್ ತುಳಿದುಕೊಂಡು ಕೂತ.